ಕೆನ್ನೆಯಲ್ಲಿ ಕರೆಂಟ್ ಹೊಡೆದಂಥ ನೋವು: ಮೂರು ವಾರ ಕೆಲಸ ಮಾಡಿದ ಮಾತ್ರೆ ಈಗ ಯಾಕೆ ಮಾಡುತ್ತಿಲ್ಲ?

ನಿಮ್ಮ ಪ್ರಶ್ನೆಯಲ್ಲಿ ನನಗೆ ಸಿಕ್ಕಿದ್ದು ಇಷ್ಟು. ತಾಯಿಗೆ 63 ವರ್ಷ, ಮನೆ ಉಡುಪಿಯ ಹತ್ತಿರ. ಬಲಗೆನ್ನೆ ಮತ್ತು ಮೇಲ್ದವಡೆಯಲ್ಲಿ ಕರೆಂಟ್ ಹೊಡೆದ ಹಾಗೆ ನೋವು. ಹಲ್ಲುಜ್ಜಿದರೆ, ಮುಖ ತೊಳೆದರೆ, ಕೆಲವೊಮ್ಮೆ ಬರೀ ಮಾತಾಡಿದರೂ ಬರುತ್ತದೆ. ಎರಡು ಹಲ್ಲು ಕೀಳಿಸಿಯಾಯಿತು, ನೋವು ಹೋಗಲಿಲ್ಲ. ಆಮೇಲೆ ನ್ಯೂರಾಲಜಿ ಡಾಕ್ಟರು ಕಾರ್ಬಮಜೆಪಿನ್ 200 ಬೆಳಿಗ್ಗೆ ಒಂದು, ರಾತ್ರಿ ಒಂದು ಬರೆದರು. ಮೂರು ವಾರ ಚೆನ್ನಾಗಿತ್ತು, ಈಗ ಒಂದೂವರೆ ತಿಂಗಳಾಗುವಾಗ ನೋವು ವಾಪಸ್ ಬಂದಿದೆ. ಮಂಪರು ಬರುತ್ತದೆ ಎಂದು ಅಮ್ಮ ಬೆಳಗಿನ ಮಾತ್ರೆ ಬಿಟ್ಟಿದ್ದಾರೆ, ನೋವು ಬಂದಾಗ ಒಂದು ನುಂಗುತ್ತಾರೆ. ಬಿಪಿಗೂ ಮಾತ್ರೆ ಇದೆ. ಮದ್ದು ಬದಲಿಸುವುದಾ, ಆಪರೇಷನ್ ಮಾಡಿಸುವುದಾ ಎಂಬುದು ನಿಮ್ಮ ಪ್ರಶ್ನೆ.

ಎರಡೂ ಸದ್ಯಕ್ಕೆ ಬೇಡ ಅಂತ ನನ್ನ ಅಭಿಪ್ರಾಯ. ನಾನು ಫಾರ್ಮಸಿಸ್ಟ್. ಡೋಸ್ ಬದಲಿಸುವ ಮಾತು ನಿಮ್ಮ ಡಾಕ್ಟರದ್ದೇ. ಆದರೆ ಈ ಮಾತ್ರೆ ಎಲ್ಲಿ ಕೈಕೊಡುತ್ತದೆ, ಯಾಕೆ ಕೈಕೊಡುತ್ತದೆ ಎಂಬುದನ್ನು ಹೇಳಬಲ್ಲೆ. ನೀವು ಬರೆದದ್ದರಲ್ಲಿ ಮದ್ದು ಸೋತ ಲಕ್ಷಣ ನನಗೆ ಕಾಣಲಿಲ್ಲ. ತೆಗೆದುಕೊಳ್ಳುವ ಕ್ರಮ ತಪ್ಪಿದ್ದು ಕಾಣಿಸಿತು.

ಮೊದಲು ರೋಗದ ಬಗ್ಗೆ ಎರಡು ಮಾತು. ನೀವು ಹೇಳಿದ ಲಕ್ಷಣಗಳು ಟ್ರೈಜೆಮಿನಲ್ ನ್ಯೂರಾಲ್ಜಿಯಾಕ್ಕೆ ಹೊಂದುತ್ತವೆ. ಟ್ರೈಜೆಮಿನಲ್ ಅಂದರೆ ಮುಖದ ಸ್ಪರ್ಶ ತಿಳಿಸುವ ನರ. ಅದಕ್ಕೆ ಮೂರು ಕವಲು: ಹಣೆ-ಕಣ್ಣಿಗೆ ಒಂದು, ಕೆನ್ನೆ-ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಮೆದುಳುಕಾಂಡದ ಹತ್ತಿರ ನರದ ಬುಡಕ್ಕೆ ಯಾವುದಾದರೂ ರಕ್ತನಾಳ ಒತ್ತಿಕೊಂಡಿದ್ದರೆ, ಅದು ಮಿಡಿದ ಹಾಗೆಲ್ಲ ನರದ ಮೇಲಿನ ಮೈಲಿನ್ ಪೊರೆ ಸವೆಯುತ್ತದೆ. ಹಾಗೆ ಸವೆದ ಜಾಗದಲ್ಲಿ ಬರೀ ಸ್ಪರ್ಶದ ಸಂಕೇತ ಪಕ್ಕದ ನೋವಿನ ಎಳೆಗೆ ದಾಟಿಬಿಡುತ್ತದೆ. ಸೆರಗು ತಾಗಿದರೂ ಜೀವ ಹೋಗುವಷ್ಟು ನೋವಾಗುವುದು ಅದಕ್ಕೇ. ಒಂದೊಂದು ಹೊಡೆತ ಕ್ಷಣದಿಂದ ಹೆಚ್ಚೆಂದರೆ ಎರಡು ನಿಮಿಷ, ಒಂದೇ ಬದಿಯಲ್ಲಿ. ನಡುನಡುವೆ ಆರಾಮ. ಹಲ್ಲುನೋವು ಹೀಗೆ ಇರುವುದಿಲ್ಲ. ಅದು ಗಂಟೆಗಟ್ಟಲೆ ಎಳೆಯುತ್ತದೆ, ಆ ಹಲ್ಲನ್ನು ತಟ್ಟಿದರೆ ಹೆಚ್ಚಾಗುತ್ತದೆ. ಇನ್ನು ಯಾರು ಹೇಳಿದರೂ ಮೂರನೇ ಹಲ್ಲು ಕೀಳಿಸಬೇಡಿ. ಅನುಮಾನ ಇದ್ದರೆ ಮಣಿಪಾಲ ಅಥವಾ ಮಂಗಳೂರಿನ ಡೆಂಟಲ್ ಕಾಲೇಜಿನಲ್ಲಿ ಓರಲ್ ಮೆಡಿಸಿನ್ ವಿಭಾಗಕ್ಕೆ ತೋರಿಸಿ. ಹಲ್ಲಿನ ನೋವನ್ನೂ ನರದ ನೋವನ್ನೂ ಬೇರ್ಪಡಿಸಿ ನೋಡುವುದು ಅವರ ಕೆಲಸ.

ಕೆಲವು ಲಕ್ಷಣ ಕಂಡರೆ ಮಾತ್ರ ಲೆಕ್ಕ ಬೇರೆ. ಕೆನ್ನೆ ಮರಗಟ್ಟಿದ್ದರೆ, ಅದೇ ಬದಿಯ ಕಿವಿ ಮಂದವಾಗಿದ್ದರೆ, ಎರಡೂ ಬದಿ ನೋವಿದ್ದರೆ ಒಳಗೆ ಗಡ್ಡೆಯೋ ಇನ್ನೇನೋ ಇದೆಯಾ ಎಂದು ನೋಡಲೇಬೇಕು. ಹಣೆಯಲ್ಲಿ ಗುಳ್ಳೆ ಎದ್ದು ಆಮೇಲೆ ಉರಿ ಉಳಿದಿದ್ದರೆ ಅದು ಸರ್ಪಸುತ್ತಿನ ನಂತರದ ನೋವು, ಅದಕ್ಕೆ ಮದ್ದು ಬೇರೆ. ಕತ್ತಿನ ಹಿಂದಿನಿಂದ ನೆತ್ತಿಗೆ ಚುಚ್ಚುತ್ತಾ ಹೋಗುವುದು ಆಕ್ಸಿಪಿಟಲ್ ನರದ್ದು, ಅಲ್ಲಿ ನರವನ್ನು ಮರಗಟ್ಟಿಸುವ ಇಂಜೆಕ್ಷನ್ (ಬ್ಲಾಕ್) ಚೆನ್ನಾಗಿ ಕೆಲಸ ಮಾಡುತ್ತದೆ. ತುರ್ತಾಗಿ ಓಡಬೇಕಾದ್ದು ಒಂದೇ: ಐವತ್ತು ದಾಟಿದವರಿಗೆ ಕಣತಲೆಯಲ್ಲಿ ಹೊಸದಾಗಿ ನೋವು, ಬಾಚಣಿಗೆ ತಾಗಿದರೆ ತಲೆಬುರುಡೆಯ ಚರ್ಮ ನೋಯುವುದು, ಅಗಿಯುತ್ತಾ ಹೋದಂತೆ ದವಡೆ ಸೋಲುವುದು, ಕಣ್ಣು ಮಂಜಾಗುವುದು. ಅದು ರಕ್ತನಾಳದ ಉರಿಯೂತ ಆಗಿರಬಹುದು. ಉರಿಯೂತ ತೋರಿಸುವ ಇಎಸ್‌ಆರ್ ಎಂಬ ರಕ್ತಪರೀಕ್ಷೆ ಅದೇ ದಿನ ಆಗಬೇಕು, ತಡಮಾಡಿದರೆ ಕಣ್ಣೇ ಹೋಗಬಹುದು.

ಈಗ ಮಾತ್ರೆಯ ವಿಷಯ. ಕಾರ್ಬಮಜೆಪಿನ್ ನೋವಿನ ಮಾತ್ರೆ ಅಲ್ಲ. ನರ ಮೇಲಿಂದ ಮೇಲೆ ಸಿಡಿಯದಂತೆ ತಡೆಯುವ ಮದ್ದು, ಮೂರ್ಛೆರೋಗಕ್ಕೂ ಅದನ್ನೇ ಕೊಡುತ್ತಾರೆ. ಸಾದಾ ಮಾತ್ರೆ ನುಂಗಿದ ಮೇಲೆ ರಕ್ತದಲ್ಲಿ ಅದರ ಮಟ್ಟ ತುದಿಗೇರಲು 4ರಿಂದ 5 ಗಂಟೆ ಬೇಕು. ಎರಡು ನಿಮಿಷದ ನೋವಿಗೆ ಐದು ಗಂಟೆಯ ಮದ್ದು! ನೋವು ಬಂದಾಗ ನುಂಗಿದರೆ ಸಿಗುವುದು ಮಂಪರು ಮಾತ್ರ. ಅದರ ಕೆಲಸ ಆಗಬೇಕಾದರೆ ರಕ್ತದಲ್ಲಿ ಮಟ್ಟ ದಿನವಿಡೀ ಒಂದೇ ಸಮ ಇರಬೇಕು. ಅಂದರೆ ನೋವು ಇರಲಿ ಬಿಡಲಿ, ಗಡಿಯಾರ ನೋಡಿ ತೆಗೆದುಕೊಳ್ಳಬೇಕು. ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ಇದಕ್ಕೆ ನಾಟುವುದಿಲ್ಲ. ಡೈಕ್ಲೊಫೆನಾಕ್ ಅಂತೂ ಬಿಪಿ ಇರುವವರ ಕಿಡ್ನಿಗೂ ಒಳ್ಳೆಯದಲ್ಲ.

ಮೂರು ವಾರ ಚೆನ್ನಾಗಿದ್ದು ಆಮೇಲೆ ವಾಪಸ್ ಬಂದದ್ದಕ್ಕೂ ಕಾರಣ ಇದೆ. ಕಾರ್ಬಮಜೆಪಿನ್ ತನ್ನನ್ನೇ ಒಡೆಯುವ ಕಿಣ್ವಗಳನ್ನು ಲಿವರ್‌ನಲ್ಲಿ ಹೆಚ್ಚಿಸುತ್ತದೆ. ಶುರುವಿನಲ್ಲಿ ಒಂದು ಡೋಸ್‌ನ ಅರ್ಧ ಭಾಗ ದೇಹದಿಂದ ಹೋಗಲು ಒಂದೂವರೆ ದಿನದ ಹತ್ತಿರ ಬೇಕಾದರೆ, 3ರಿಂದ 5 ವಾರಗಳ ಮೇಲೆ 12ರಿಂದ 17 ಗಂಟೆ ಸಾಕು. ಅದೇ ಡೋಸ್, ಆದರೆ ರಕ್ತದಲ್ಲಿ ಮಟ್ಟ ಕಡಿಮೆ. ಹಾಗಾಗಿ ತಿಂಗಳ ಹೊತ್ತಿಗೆ ಡೋಸ್ ಏರಿಸುವುದು ಈ ಮದ್ದಿನಲ್ಲಿ ಮಾಮೂಲು. ಮೊದಲ ಚೀಟಿಯನ್ನೇ ಹಿಡಿದು ತಿಂಗಳುಗಟ್ಟಲೆ ಮಾತ್ರೆ ಕೊಂಡುಕೊಂಡು ಹೋಗುವವರಿಗೆ ಇದು ಗೊತ್ತಾಗುವುದೇ ಇಲ್ಲ. ನಿಮ್ಮ ಅಮ್ಮನಿಗೆ ಇದರ ಜೊತೆ ಬೆಳಗಿನ ಡೋಸ್ ಕೂಡ ತಪ್ಪಿತು.

ವಯಸ್ಸಾದವರಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ ದಿನಕ್ಕೆ ಎರಡು ಸಲದಿಂದ ಶುರುಮಾಡಿ, 3ರಿಂದ 7 ದಿನಕ್ಕೊಮ್ಮೆ 100 ಮಿ.ಗ್ರಾಂ ಏರಿಸುತ್ತಾ ಹೋಗುತ್ತಾರೆ. ಹೆಚ್ಚಿನವರಿಗೆ ದಿನಕ್ಕೆ ಒಟ್ಟು 400ರಿಂದ 800ರೊಳಗೆ ನೋವು ಹಿಡಿತಕ್ಕೆ ಬರುತ್ತದೆ. 1200ರ ಮೇಲೆ ಸಾಮಾನ್ಯವಾಗಿ ಹೋಗುವುದಿಲ್ಲ. ಮಂಪರು ಹೆಚ್ಚಿದ್ದರೆ ಡಾಕ್ಟರ ಹತ್ತಿರ ಎರಡು ಪ್ರಶ್ನೆ ಕೇಳಿ. ಒಂದು, ಅದೇ ಒಟ್ಟು ಡೋಸನ್ನು ಮೂರು ಪಾಲು ಮಾಡಬಹುದಾ ಅಥವಾ ರಾತ್ರಿಯ ಪಾಲು ದೊಡ್ಡದು ಮಾಡಬಹುದಾ. ಎರಡು, ಸಿಆರ್ ಅಂದರೆ ನಿಧಾನ ಬಿಡುಗಡೆಯ ಮಾತ್ರೆಗೆ ಬದಲಿಸಬಹುದಾ. ಸಾದಾ ಮಾತ್ರೆಯಲ್ಲಿ ಮಟ್ಟ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಏರಿದಾಗ ತಲೆ ತಿರುಗುತ್ತದೆ, ಇಳಿದಾಗ ನೋವು ಬರುತ್ತದೆ. ಸಿಆರ್‌ನಲ್ಲಿ ಈ ಏರಿಳಿತ ಕಡಿಮೆ. ಅದನ್ನು ಜಗಿಯಬಾರದು, ಪುಡಿಮಾಡಬಾರದು. ನಡುವೆ ಗೆರೆ ಇದ್ದರೆ ಅಲ್ಲಿ ಅರ್ಧ ಮಾಡಬಹುದು. ನಡೆಯುವಾಗ ಓಲಾಡಿದರೆ ಅಥವಾ ಎರಡೆರಡು ಕಂಡರೆ ಡೋಸ್ ಜಾಸ್ತಿಯಾಗಿದೆ ಎಂದೇ ಅರ್ಥ, ಫೋನ್ ಮಾಡಿ ಕೇಳಿ. ಹೇಗೂ ಒಮ್ಮೆಲೇ ನಿಲ್ಲಿಸಬೇಡಿ. ಕೆಲವು ತಿಂಗಳು ನೋವೇ ಇಲ್ಲದಿದ್ದರೆ ವಾರಕ್ಕೆ 100ರಂತೆ ಇಳಿಸಿ ನೋಡುವುದುಂಟು. ಈ ರೋಗ ತಾನಾಗಿ ತಿಂಗಳುಗಟ್ಟಲೆ ಬಿಡುವು ಕೊಡುತ್ತದೆ, ಮತ್ತೆ ಬರುತ್ತದೆ.

ಕರಾವಳಿಯವರಿಗೆ ಇನ್ನೊಂದು ವಿಷಯವನ್ನು ಒತ್ತಿ ಹೇಳಬೇಕು. ಕಾರ್ಬಮಜೆಪಿನ್ ಮಾತ್ರೆಗೆ ತೇವ ಆಗಿಬರುವುದಿಲ್ಲ. ತೇವ ಹೀರಿದ ಮಾತ್ರೆ ಗಟ್ಟಿಯಾಗುತ್ತದೆ, ಹೊಟ್ಟೆಯಲ್ಲಿ ಸರಿಯಾಗಿ ಕರಗುವುದಿಲ್ಲ, ಅದರ ಶಕ್ತಿ ಮೂರನೇ ಒಂದು ಭಾಗ ಅಥವಾ ಅದಕ್ಕಿಂತ ಹೆಚ್ಚು ಹೋಗಬಹುದು. ನಮ್ಮ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಕಪಾಟಿನ ಬಟ್ಟೆಗೆ ಬೂಸ್ಟು ಬರುತ್ತದೆ. ಮಾತ್ರೆಗೆ ಮಾತ್ರ ಏನೂ ಆಗಬಾರದು ಅಂದರೆ ಹೇಗೆ? ಪಟ್ಟಿಯಿಂದ (ಸ್ಟ್ರಿಪ್) ತೆಗೆದು ವಾರದ ಡಬ್ಬಿಗೆ ತುಂಬಿಸಿಡುವ ಅಭ್ಯಾಸ ಈ ಮಾತ್ರೆಗೆ ಬೇಡ. ನುಂಗುವ ಹೊತ್ತಿಗೇ ಪಟ್ಟಿ ಒಡೆಯಿರಿ. ಅರ್ಧ ಮಾಡಿದ್ದರೆ ಉಳಿದರ್ಧವನ್ನು ಮುಂದಿನ ಡೋಸ್‌ಗೇ ಮುಗಿಸಿ. ಅಡುಗೆಮನೆಯ ಕಪಾಟು, ಬಚ್ಚಲಿನ ಹತ್ತಿರದ ಗೂಡು, ಫ್ರಿಜ್ ಯಾವುದೂ ಬೇಡ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಪೊಟ್ಟಣ ಹಾಕಿ ಮಲಗುವ ಕೋಣೆಯಲ್ಲಿಡಿ. ಮೂರು ತಿಂಗಳದ್ದು ಒಟ್ಟಿಗೆ ಕೊಳ್ಳುವ ಬದಲು ತಿಂಗಳದ್ದು ಕೊಳ್ಳಿ. ಕಂಪನಿಯನ್ನೂ ಪದೇ ಪದೇ ಬದಲಿಸಬೇಡಿ: ಟೆಗ್ರಿಟಾಲ್ ಇರಲಿ, ಮೆಜೆಟಾಲ್ ಇರಲಿ, ಜನೌಷಧಿಯದ್ದಿರಲಿ, ಒಂದನ್ನು ಹಿಡಿದರೆ ಅದನ್ನೇ ಮುಂದುವರಿಸಿ. ಈ ಮದ್ದಿನಲ್ಲಿ ಕಡಿಮೆಯಾಗುವುದಕ್ಕೂ ಹೆಚ್ಚಾಗುವುದಕ್ಕೂ ನಡುವಿನ ಅಂತರ ಬಹಳ ಸಣ್ಣದು.

ಬಿಪಿ ಮಾತ್ರೆಯ ಹೆಸರು ನೀವು ಬರೆದಿಲ್ಲ. ಪಟ್ಟಿ ತೆಗೆದು ಈಗಲೇ ನೋಡಿ. ಹೆಸರಿನ ಕೊನೆಗೆ ಎಚ್ ಇದ್ದರೆ ಅಥವಾ ಒಳಗೆ ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ತಾಲಿಡೋನ್ ಎಂದಿದ್ದರೆ ಅದು ಮೂತ್ರದಲ್ಲಿ ಉಪ್ಪು ಕಳೆಯುವ ಮದ್ದು. ಕಾರ್ಬಮಜೆಪಿನ್ ಕೂಡ ರಕ್ತದ ಸೋಡಿಯಂ ಇಳಿಸುತ್ತದೆ. ಎರಡೂ ಸೇರಿದರೆ ಅರವತ್ತು ದಾಟಿದವರಲ್ಲಿ ಸೋಡಿಯಂ ಸದ್ದಿಲ್ಲದೆ ಕುಸಿಯುತ್ತದೆ. ಸುಸ್ತು, ವಾಕರಿಕೆ, ತೂಕಡಿಕೆ, ಮಾತಿನಲ್ಲಿ ಗೊಂದಲ, ಬೀಳುವುದು ಇದರ ಲಕ್ಷಣ. ಮನೆಯವರು ಇದನ್ನೇ ಮಾತ್ರೆಯ ಮಂಪರು ಅಂದುಕೊಳ್ಳುತ್ತಾರೆ. ನಿಮ್ಮ ಅಮ್ಮನ ಮಂಪರಿಗೂ ಇದೇ ಕಾರಣ ಇರಬಹುದು. ಸೋಡಿಯಂ ಪರೀಕ್ಷೆ ಯಾವ ಲ್ಯಾಬಿನಲ್ಲೂ ಆಗುತ್ತದೆ. 135ರಿಂದ 145 ಸರಿ, 130ಕ್ಕಿಂತ ಕೆಳಗಾದರೆ ಅದೇ ದಿನ ಡಾಕ್ಟರಿಗೆ ಹೇಳಬೇಕು, 125ಕ್ಕಿಂತ ಕೆಳಗೆ ಆಸ್ಪತ್ರೆಗೆ. ಗಂಜಿಗೆ ಉಪ್ಪು ಜಾಸ್ತಿ ಹಾಕಿ ಸರಿಮಾಡಲು ಹೋಗಬೇಡಿ, ಅದು ಬಿಪಿಯನ್ನು ಏರಿಸುತ್ತದೆ. ಲೋಟಗಟ್ಟಲೆ ನೀರು ಕುಡಿಸಿದರೆ ಸೋಡಿಯಂ ಇನ್ನೂ ಇಳಿಯುತ್ತದೆ. ಬಿಪಿಗೆ ಅಮ್ಲೋಡಿಪಿನ್ ಇದ್ದರೆ ತೊಂದರೆ ಬೇರೆ ಥರ: ಕಾರ್ಬಮಜೆಪಿನ್ ಅದರ ಬಲ ಕುಗ್ಗಿಸುತ್ತದೆ, ಹಾಗಾಗಿ ಬಿಪಿ ಆಗಾಗ ನೋಡಿಸಿ.

ಜ್ವರ-ಕೆಮ್ಮಿಗೆ ಬೇರೆ ಡಾಕ್ಟರ ಹತ್ತಿರ ಹೋದಾಗ ಈ ಮಾತ್ರೆ ನಡೆಯುತ್ತಿದೆ ಎಂದು ಹೇಳಲೇಬೇಕು. ಕ್ಲಾರಿಥ್ರೊಮೈಸಿನ್, ಎರಿಥ್ರೊಮೈಸಿನ್ ಕೊಟ್ಟರೆ ಕಾರ್ಬಮಜೆಪಿನ್ ಮಟ್ಟ ಏಕಾಏಕಿ ಏರುತ್ತದೆ. ಗ್ರೇಪ್‌ಫ್ರೂಟ್ ರಸವೂ ಏರಿಸುತ್ತದೆ. ಹಿತ್ತಲಿನಲ್ಲಿ ಬಿಡುವ ಚಕ್ಕೋತದಲ್ಲೂ ಅಂಥದೇ ಅಂಶಗಳಿವೆ, ಅದನ್ನೂ ಬಿಡುವುದು ಒಳ್ಳೆಯದು. ಮೈಮೇಲೆ ದದ್ದು, ಜೊತೆಗೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು ಕಂಡರೆ ಮಾತ್ರ ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸಿ ಅದೇ ದಿನ ಆಸ್ಪತ್ರೆಗೆ ಹೋಗಿ. ಚರ್ಮ ಸುಲಿದು ಜೀವಕ್ಕೇ ಕುತ್ತು ತರುವ ಅಲರ್ಜಿ ಅಪರೂಪ, ಬಂದರೆ ಹೆಚ್ಚಾಗಿ ಮೊದಲ ಎರಡು-ಮೂರು ತಿಂಗಳಲ್ಲೇ ಬರುತ್ತದೆ. ನೀವಿನ್ನೂ ಆ ಅವಧಿಯೊಳಗಿದ್ದೀರಿ.

ಇಷ್ಟೆಲ್ಲ ಮಾಡಿಯೂ ಮಂಪರು ತಡೆಯದಿದ್ದರೆ ಆಕ್ಸ್‌ಕಾರ್ಬಜೆಪಿನ್ ಇದೆ. ತೂಕಡಿಕೆ ಕಡಿಮೆ, ಬೇರೆ ಮದ್ದುಗಳೊಂದಿಗೆ ಜಗಳವೂ ಕಡಿಮೆ, ಆದರೆ ಸೋಡಿಯಂ ಇಳಿಸುವುದರಲ್ಲಿ ಇದು ಇನ್ನೂ ಒಂದು ಕೈ ಮೇಲು. ಬ್ಯಾಕ್ಲೊಫೆನ್, ಲ್ಯಾಮೊಟ್ರಿಜಿನ್, ಗ್ಯಾಬಪೆಂಟಿನ್ ಜೊತೆಗೆ ಸೇರಿಸುವ ಮದ್ದುಗಳು.

ಊಟದ ಬಗ್ಗೆ. ಒಂದು ಜೋರಾದ ಹೊಡೆತ ಬಂದುಹೋದ ಮೇಲೆ ಕೆಲವು ಸೆಕೆಂಡಿನಿಂದ ಒಂದೆರಡು ನಿಮಿಷ ನರ ಮತ್ತೆ ಸಿಡಿಯುವುದಿಲ್ಲ. ತುತ್ತು ಆಗ ಇಡಬೇಕು. ಕೋರಿ ರೊಟ್ಟಿ, ಚಕ್ಕುಲಿಯಂಥ ಗರಿಗರಿ ಬೇಡ, ಅಡಿಕೆ ಬೇಡ. ಕುಚ್ಚಲಕ್ಕಿ ಅನ್ನಕ್ಕೂ ಅಗಿತ ಜಾಸ್ತಿ, ಅದರ ಬದಲು ಚೆನ್ನಾಗಿ ಬೆಂದ ಗಂಜಿ ಅಥವಾ ನೀರುದೋಸೆಯನ್ನು ಸಾರಿನಲ್ಲಿ ನೆನೆಸಿ, ಉಗುರು ಬೆಚ್ಚಗೆ, ಎಡಬದಿಯಲ್ಲಿ ತಿನ್ನಲಿ. ಹಲ್ಲುಜ್ಜಲು ಮಕ್ಕಳ ಮೃದು ಬ್ರಷ್, ಬೆಚ್ಚಗಿನ ನೀರು, ನೋವಿಲ್ಲದ ಬದಿಯಿಂದ ಶುರು. ಉಜ್ಜಲು ಆಗದ ದಿನ 0.2 ಶೇಕಡಾ ಕ್ಲೋರ್‌ಹೆಕ್ಸಿಡಿನ್ 10 ಮಿ.ಲೀ. ಅರ್ಧ ನಿಮಿಷ ಬಾಯಲ್ಲಿಟ್ಟು ಉಗುಳಬಹುದು, ಎರಡು ವಾರ ಮೀರಿದರೆ ಹಲ್ಲು ಕಲೆಯಾಗುತ್ತದೆ. ಬಾಮ್ ತಿಕ್ಕುವುದು, ಲವಂಗದೆಣ್ಣೆ ಹಚ್ಚುವುದು ಬೇಡ. ತಿಕ್ಕುವ ಕೈಯೇ ನೋವು ಎಬ್ಬಿಸುತ್ತದೆ. ಫ್ಯಾನಿನ ನೇರಕ್ಕೆ ಮಲಗಿಸಬೇಡಿ. ಬಸ್ಸಿನಲ್ಲಿ ಬಲಗೆನ್ನೆಗೆ ಕಿಟಕಿಯ ಗಾಳಿ ಬಡಿಯದ ಸೀಟು ನೋಡಿ. ನೀರು ಕುಡಿಯಲೂ ಆಗದಷ್ಟು ನೋವಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಫಾಸ್ಫೆನಿಟೊಯಿನ್ ಕೊಟ್ಟು ನೋವನ್ನು ತಾತ್ಕಾಲಿಕವಾಗಿ ಇಳಿಸುತ್ತಾರೆ. ಈ ನೋವಿನಲ್ಲಿ ಬದುಕೇ ಬೇಡ ಅನ್ನುವ ಮಾತು ಬಾಯಿಗೆ ಬರುವುದು ಅಪರೂಪವಲ್ಲ. ಅಮ್ಮ ಹಾಗೆ ಹೇಳಿದರೆ ಹಗುರಾಗಿ ತಳ್ಳಿಹಾಕಬೇಡಿ, ಡಾಕ್ಟರಿಗೆ ತಿಳಿಸಿ. ಸರ್ಕಾರದ ಟೆಲಿಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಆಪರೇಷನ್ ವಿಷಯಕ್ಕೆ ಬರುವ ಮೊದಲು ಎಂಆರ್‌ಐ ಸರಿಯಾದದ್ದು ಆಗಿದೆಯಾ ನೋಡಿ. ಸಾದಾ ಬ್ರೈನ್ ಎಂಆರ್‌ಐ ದಪ್ಪ ದಪ್ಪ ಪದರ ತೆಗೆಯುತ್ತದೆ, ನರಕ್ಕೆ ತಾಗಿದ ಸಣ್ಣ ರಕ್ತನಾಳ ಅದರಲ್ಲಿ ತಪ್ಪಿಹೋಗುತ್ತದೆ. ಚೀಟಿಯಲ್ಲಿ ಟ್ರೈಜೆಮಿನಲ್ ನರಕ್ಕೆಂದು ತೆಳು ಪದರ ತೆಗೆಯುವ ಸಿಸ್ ಅಥವಾ ಫಿಯೆಸ್ಟಾ ಸೀಕ್ವೆನ್ಸ್ ಬರೆಸಿಕೊಳ್ಳಿ. ರಕ್ತನಾಳ ಒತ್ತಿದ್ದು ಸ್ಪಷ್ಟವಾಗಿ ಕಂಡು, ಮದ್ದು ನಾಟದಿದ್ದರೆ ಅಥವಾ ಮದ್ದಿನ ತೊಂದರೆ ತಡೆಯದಿದ್ದರೆ, ಎಂವಿಡಿ ಎಂಬ ಶಸ್ತ್ರಚಿಕಿತ್ಸೆ ಇದೆ. ಕಿವಿಯ ಹಿಂದೆ ಬುರುಡೆಯಲ್ಲಿ ಸಣ್ಣ ಕಿಂಡಿ ಮಾಡಿ, ರಕ್ತನಾಳವನ್ನು ನರದಿಂದ ಸರಿಸಿ, ನಡುವೆ ಟೆಫ್ಲಾನ್ ತುಂಡು ಇಡುತ್ತಾರೆ. ಹತ್ತು ವರ್ಷದ ನಂತರವೂ ಸುಮಾರು 70 ಶೇಕಡಾ ಜನರಿಗೆ ನೋವಿಲ್ಲ, ಕೆನ್ನೆಯ ಸ್ಪರ್ಶವೂ ಸಾಮಾನ್ಯವಾಗಿ ಉಳಿಯುತ್ತದೆ. ಅಪಾಯ ಅಂದರೆ ಪೂರ್ತಿ ಅರಿವಳಿಕೆ, ಕೆಲವರಿಗೆ ಆ ಕಿವಿಯ ಶ್ರವಣ ನಷ್ಟ. ಕೆನ್ನೆಯ ಮೂಲಕ ಸೂಜಿ ಹಾಕಿ ನರವನ್ನು ಬಿಸಿಮಾಡುವ ರೇಡಿಯೊಫ್ರೀಕ್ವೆನ್ಸಿ ಸುಲಭ, ಅದೇ ದಿನವೇ ಆರಾಮ ಸಿಗುತ್ತದೆ. ಆದರೆ ಕೆನ್ನೆ ಜೋಮು ಹಿಡಿಯುತ್ತದೆ, ಕೆಲವು ವರ್ಷದಲ್ಲಿ ನೋವು ಮರಳುವುದು ಹೆಚ್ಚು. ಗಾಮಾ ನೈಫ್ ಅಂದರೆ ಕೊಯ್ಯದೆ ನರದ ಬುಡಕ್ಕೆ ವಿಕಿರಣ ಹಾಯಿಸುವುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಅದರ ಫಲ ಕಾಣಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಮಾತ್ರೆ ನಿಲ್ಲಿಸುವಂತಿಲ್ಲ.

ಹೃದಯ, ಶ್ವಾಸಕೋಶ ಗಟ್ಟಿ ಇರುವ 63ರ ವಯಸ್ಸಿನವರಿಗೆ, ಎಂಆರ್‌ಐಯಲ್ಲಿ ಒತ್ತಡ ಕಂಡರೆ, ನಾನು ಮೊದಲು ಎಂವಿಡಿ ಬಗ್ಗೆಯೇ ಕೇಳಿ ಅನ್ನುತ್ತೇನೆ. ಸರ್ಜನ್ ಹತ್ತಿರ ವರ್ಷಕ್ಕೆ ಎಷ್ಟು ಎಂವಿಡಿ ಮಾಡುತ್ತೀರಿ, ನಡುವೆ ಕಿವಿಯ ನರವನ್ನು ಮಾನಿಟರ್ ಮಾಡುತ್ತೀರಾ ಎಂದು ಕೇಳಲು ಸಂಕೋಚ ಬೇಡ. ಆದರೆ ಅದಕ್ಕೆ ಮೊದಲು ಈ ವಾರ ಸೋಡಿಯಂ ನೋಡಿಸಿ, ಬಿಪಿ ಮಾತ್ರೆಯ ಪಟ್ಟಿಯನ್ನೂ ಈಗ ತೆಗೆದುಕೊಳ್ಳುತ್ತಿರುವ ಕಾರ್ಬಮಜೆಪಿನ್ ಪಟ್ಟಿಯನ್ನೂ ಒಟ್ಟಿಗೆ ಹಿಡಿದುಕೊಂಡು ನ್ಯೂರಾಲಜಿ ಡಾಕ್ಟರಿಗೆ ತೋರಿಸಿ, ಬೆಳಗಿನ ಮಾತ್ರೆ ಬಿಟ್ಟದ್ದನ್ನೂ ಮುಚ್ಚಿಡದೆ ಹೇಳಿ. ಅದು ಗೊತ್ತಿಲ್ಲದಿದ್ದರೆ ಅವರು ಡೋಸ್ ಸಾಲುತ್ತಿಲ್ಲ ಎಂದುಕೊಂಡು ನೇರ ದುಪ್ಪಟ್ಟು ಮಾಡಿಯಾರು.