ನ್ಯೂಟ್ರಾನ್ ಚದುರಿಕೆಯಲ್ಲಿ ಎಲೆಕ್ಟ್ರಾನಿಗೇನು ಕೆಲಸ?

ಪ್ರಶ್ನೆ: ನ್ಯೂಟ್ರಾನಿಗೆ ವಿದ್ಯುದಾವೇಶವಿಲ್ಲ, ಎಲೆಕ್ಟ್ರಾನಿಗೆ ಬೈಜಿಕ ಬಲ (ಬೀಜಕೇಂದ್ರದ ಕಣಗಳನ್ನು ಒಟ್ಟಿಗೆ ಹಿಡಿದಿಡುವ ಬಲ) ತಾಗುವುದಿಲ್ಲ. ಹೀಗಿರುವಾಗ ನ್ಯೂಟ್ರಾನ್ ಚದುರಿಕೆಯಲ್ಲಿ ಎಲೆಕ್ಟ್ರಾನುಗಳ ಪಾತ್ರವನ್ನು ನೋಡಿ ಬೈಜಿಕ ಬಲದ ಬಗ್ಗೆ ತಿಳಿಯುವುದು ಹೇಗೆ?
— ಬಿ.ಎಸ್‌ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ಎರಡೂ ಮಾತು ಸರಿ. ಆದರೆ ಒಟ್ಟು ಆವೇಶ ಸೊನ್ನೆ ಎಂದ ಮಾತ್ರಕ್ಕೆ ನ್ಯೂಟ್ರಾನಿನೊಳಗೆ ಆವೇಶವೇ ಇಲ್ಲವೆಂದಾಗದು. ಬೈಜಿಕ ಬಲವು ಮಧ್ಯವರ್ತಿ ಕಣವೊಂದರ ವಿನಿಮಯದಿಂದ ಉಂಟಾಗುತ್ತದೆ ಎಂದು ಜಪಾನಿನ ಭೌತವಿಜ್ಞಾನಿ ಹಿಡೆಕಿ ಯುಕಾವಾ 1935ರಲ್ಲಿ ಸೂಚಿಸಿದ ಮೇಲೆ, ನ್ಯೂಟ್ರಾನು ಆಗಾಗ ಪ್ರೋಟಾನಾಗಿ, ಸುತ್ತಲೂ ಋಣಾವೇಶದ ಮೆಸಾನನ್ನು (ಆ ಮಧ್ಯವರ್ತಿ ಕಣವನ್ನು) ಹೊದ್ದುಕೊಂಡಿರಬೇಕು ಎಂಬ ನಿರೀಕ್ಷೆ ಹುಟ್ಟಿತು. ಹಾಗಿದ್ದರೆ ಆ ಹೊದಿಕೆಯೊಳಕ್ಕೆ ನುಗ್ಗಿದ ಎಲೆಕ್ಟ್ರಾನಿಗೆ ನಡುವಿನ ಧನಾವೇಶದ ಸೆಳೆತ ಅಲ್ಪವಾದರೂ ತಗಲಲೇಬೇಕು.

ಆ ಸೆಳೆತವನ್ನು ಹುಡುಕಲು ಭೌತವಿಜ್ಞಾನಿಗಳಾದ ಎನ್ರಿಕೋ ಫರ್ಮಿ ಮತ್ತು ಲಿಯೋನಾ ಮಾರ್ಷಲ್ 1947ರಲ್ಲಿ ಶಿಕಾಗೋ ಬಳಿಯ ರಿಯಾಕ್ಟರಿನಿಂದ ಬಂದ ನಿಧಾನಗತಿಯ ನ್ಯೂಟ್ರಾನುಗಳನ್ನು ಕ್ಸೆನಾನ್ ಅನಿಲದ ಮೇಲೆ ಹಾಯಿಸಿದರು. ಕ್ಸೆನಾನಿನ ಆಯ್ಕೆಯಲ್ಲೇ ಜಾಣತನವಿದೆ: ಅದರ 54 ಎಲೆಕ್ಟ್ರಾನುಗಳ ಕವಚಗಳೆಲ್ಲ ಭರ್ತಿಯಾಗಿರುವುದರಿಂದ ಅವುಗಳ ಕಾಂತಗುಣ ಪರಸ್ಪರ ರದ್ದಾಗಿ, ನ್ಯೂಟ್ರಾನಿನ ಕಾಂತಗುಣಕ್ಕೆ ಅವುಗಳದು ತಗಲಿ ಆಗುವ ಕಾಂತೀಯ ಚದುರಿಕೆಯ ಗೊಂದಲ ಇರುವುದಿಲ್ಲ. ಇಂಥ ನ್ಯೂಟ್ರಾನಿನ ತರಂಗಾಂತರ ಬೀಜಕೇಂದ್ರದ ಗಾತ್ರಕ್ಕಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚಾದ್ದರಿಂದ ಬೀಜಕೇಂದ್ರವು ಅದನ್ನು ಎಲ್ಲ ದಿಕ್ಕಿಗೂ ಸಮನಾಗಿ ಚದುರಿಸುತ್ತದೆ. ಎಲೆಕ್ಟ್ರಾನುಗಳಾದರೋ ಪರಮಾಣುವಿನ ಉದ್ದಗಲಕ್ಕೂ ಹರಡಿಕೊಂಡಿರುವುದರಿಂದ ಅವುಗಳ ಪಾಲು ಮುಂದಿನ ದಿಕ್ಕಿಗೆ ಹೆಚ್ಚು, ಹಿಂದಕ್ಕೆ ಕಡಿಮೆ. ಎರಡೂ ಅಲೆಗಳು ಒಂದರ ಮೇಲೊಂದು ಕೂಡುವುದರಿಂದ, ಮುಂದಕ್ಕೂ ಹಿಂದಕ್ಕೂ ಚದುರಿದ ಎಣಿಕೆಗಳ ನಡುವಿನ ಅಂತರವೇ ಎಲೆಕ್ಟ್ರಾನುಗಳ ಗುರುತಾಗುತ್ತದೆ. ಅನಿಲದ ಪರಮಾಣುಗಳು ಸುಮ್ಮನೆ ನಿಂತಿರುವುದಿಲ್ಲವಾದ್ದರಿಂದ ಅವುಗಳ ಚಲನೆಯಿಂದ ಬರುವ ವ್ಯತ್ಯಾಸವನ್ನೂ ಲೆಕ್ಕ ಹಾಕಿ ಕಳೆಯಬೇಕು. ಪ್ರಯೋಗದ ನಿಜವಾದ ಶ್ರಮ ಇರುವುದು ಅಲ್ಲಿ.

ಫಲಿತಾಂಶವೇನೋ ತೀರ ಚಿಕ್ಕದು. ಅದನ್ನು ಎಲೆಕ್ಟ್ರಾನಿನ ಅಭಿಜಾತ ತ್ರಿಜ್ಯದಷ್ಟು (ಹಳೆಯ ಭೌತಶಾಸ್ತ್ರ ಎಲೆಕ್ಟ್ರಾನಿಗೆ ಲೆಕ್ಕ ಹಾಕುವ ಗಾತ್ರದಷ್ಟು), ಅಂದರೆ ಸುಮಾರು 2.8 ಫೆಮ್ಟೋಮೀಟರ್ ತ್ರಿಜ್ಯದ, ವಿಭವದ ಕುಳಿಯೆಂದು (ಸೆಳೆತದ ಶಕ್ತಿಯನ್ನು ಆಳವಾಗಿ ತೋರಿಸುವ ಗುಂಡಿಯೆಂದು) ಭಾವಿಸಿದರೆ ಮುಂದೆ ನಿಖರವಾಗಿ ದೊರೆತ ಆಳ ಸುಮಾರು 4,000 ಎಲೆಕ್ಟ್ರಾನ್ ವೋಲ್ಟ್. ಬೈಜಿಕ ಬಲದ ಕುಳಿಯಾದರೋ ಕೋಟಿಗಳ ಲೆಕ್ಕದ್ದು. ಆ 4,000ದಲ್ಲೂ ಬಹುಪಾಲು, ಎಲೆಕ್ಟ್ರಾನುಗಳ ಕಾಂತಗುಣ ರದ್ದಾದರೂ ಉಳಿಯುವ, ನ್ಯೂಟ್ರಾನಿನದೇ ಕಾಂತಗುಣದಿಂದ ಬರುವಂಥದ್ದು ಎಂದು 1950ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಲೆಸ್ಲಿ ಫೋಲ್ಡಿ ತೋರಿಸಿಕೊಟ್ಟರು. ಆದ್ದರಿಂದ ಅಳೆದದ್ದನ್ನೆಲ್ಲ ಮೆಸಾನಿನ ಹೊದಿಕೆಯ ಖಾತೆಗೆ ಜಮಾ ಮಾಡುವಂತಿಲ್ಲ; ಕೆಲವು ಸರಳ ವಿವರಣೆಗಳು ಇದನ್ನು ಮರೆಯುತ್ತವೆ.

ಹೀಗಾಗಿ ಈ ಬಗೆಯ ಪ್ರಯೋಗಗಳು ಬೈಜಿಕ ಬಲವನ್ನು ನೇರವಾಗಿ ಅಳೆಯುವುದಿಲ್ಲ. ಅವುಗಳಿಂದ ದೊರೆಯುವುದು ನ್ಯೂಟ್ರಾನಿನ ಆವೇಶ ತ್ರಿಜ್ಯದ ವರ್ಗದ ಸರಾಸರಿ, ಸುಮಾರು −0.116 ಚದರ ಫೆಮ್ಟೋಮೀಟರ್ (ಆವೇಶದ ಚಿಹ್ನೆಯನ್ನೂ ಸೇರಿಸಿ ತೆಗೆದ ಸರಾಸರಿಯಾದ್ದರಿಂದ ಅದು ಋಣವಾಗಬಲ್ಲದು). ಬೈಜಿಕ ಬಲದ ಯಾವುದೇ ಸಿದ್ಧಾಂತ ನ್ಯೂಟ್ರಾನಿನ ಒಳರಚನೆಯನ್ನು ವಿವರಿಸಹೊರಟರೆ ಋಣಚಿಹ್ನೆಯ ಸಮೇತ ಈ ಅಂಕಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.