ಇರುವೆ ಬರುತ್ತವೆಯೇ ಎಂದು ಕೇಳಿದ ಡಾಕ್ಟರು

ಗುಳಿಗೆಗೆ ಬಗ್ಗದ ಟಿ.ಬಿ. ನಮ್ಮ ಕಾಕಾಗೆ ಬಂದಿತ್ತು ಎಂದಾಗ, ಔಷಧಿ ಪುಕ್ಕಟೆ ಅಲ್ವಾ, ಮತ್ತೇನು ತೊಂದರೆ ಎಂದು ಕೇಳಿದ್ದೀರಿ. ಹೌದು ಸರ್, ಔಷಧಿ ಪುಕ್ಕಟೆ. ಬಸ್ಸು ಪುಕ್ಕಟೆ ಅಲ್ಲ, ಕೂಲಿ ತಪ್ಪಿದ ದಿನ ಪುಕ್ಕಟೆ ಅಲ್ಲ.

ನಮ್ಮದು ಅಕ್ಕಲಕೋಟೆ ತಾಲ್ಲೂಕಿನ ಹಳ್ಳಿ. ನಕಾಶೆಯಲ್ಲಿ ಮಹಾರಾಷ್ಟ್ರ, ಮನೆಯಲ್ಲಿ ಕನ್ನಡ. ಕಾಕಾಗೆ ಮೊದಲು ಬಂದದ್ದು ಸಾದಾ ಟಿ.ಬಿ. ಆರು ತಿಂಗಳು ಗುಳಿಗೆ ನುಂಗಬೇಕಿತ್ತು. ಎರಡು ತಿಂಗಳಿಗೆ ಕೆಮ್ಮು ನಿಂತಿತು, ಅವರು ಗುಳಿಗೆ ಬಿಟ್ಟು ಪುಣೆಗೆ ಗೌಂಡಿ ಕೆಲಸಕ್ಕೆ ಹೋದರು. 2023ರಲ್ಲಿ ಮತ್ತೆ ಕೆಮ್ಮು. ಈ ಸಲ ಕಫವನ್ನು ಯಂತ್ರಕ್ಕೆ ಹಾಕಿ ನೋಡಿದರು. ಟಿ.ಬಿ.ಯ ಮುಖ್ಯ ಔಷಧಿ ರಿಫಾಂಪಿಸಿನ್ ಗುಳಿಗೆಗೆ ಈ ರೋಗಾಣು ಬಗ್ಗುವುದಿಲ್ಲ ಎಂದು ಗೊತ್ತಾಯಿತು. ಊರೆಲ್ಲ ಕಾಕಾನದೇ ತಪ್ಪು ಎಂದಿತು. ಅರ್ಧ ಸರಿ ಇರಬಹುದು. ಆದರೆ ಒಂದು ದಿನವೂ ಗುಳಿಗೆ ತಪ್ಪಿಸದವರಿಗೂ, ಇಂಥವರ ಜೊತೆ ಒಂದೇ ಕೋಣೆಯಲ್ಲಿ ಮಲಗಿದ್ದಕ್ಕೇ ಇದು ಬರುತ್ತದೆ.

ಇಂಥ ಟಿ.ಬಿ.ಗೆ ಕಾಕಾಗೆ ಹದಿನೆಂಟು ತಿಂಗಳ ಚಿಕಿತ್ಸೆ. ಮೊದಲೆಲ್ಲ ಕೆನಾಮೈಸಿನ್ ಸೂಜಿ ಚುಚ್ಚುತ್ತಿದ್ದರು, ಎಷ್ಟೋ ಜನರ ಕಿವಿಯೇ ಹೋಯಿತು. ಕಾಕಾಗೆ ಬರೀ ಗುಳಿಗೆ. ಅದರಲ್ಲಿ ಬೆಡಾಕ್ವಿಲಿನ್ ಎಂಬುದು ಹೃದಯದ ಬಡಿತ ಏರುಪೇರು ಮಾಡಬಹುದು, ಅದಕ್ಕೆ ಆಗಾಗ ಇಸಿಜಿ ಬೇಕು. ದವಾಖಾನೆಯಲ್ಲಿ ಯಂತ್ರ ಇತ್ತು, ಕಾಗದದ ಸುರುಳಿ ಇರಲಿಲ್ಲ. ಹೊರಗೆ ರೊಕ್ಕ ಕೊಟ್ಟು ಮಾಡಿಸಿದೆವು. ಕ್ಲೊಫಾಜಿಮಿನ್ ಎಂಬ ಇನ್ನೊಂದು ಗುಳಿಗೆಯಿಂದ ಮೈ ಕಪ್ಪಾಯಿತು. ಕೇಳಿದವರಿಗೆಲ್ಲ ಕಾಕೂ, 'ಬಿಸಲಿಗಿ ಹಂಗಾಗ್ಯಾರ' ಅನ್ನುತ್ತಿದ್ದರು. ಆರು ತಿಂಗಳಿಂದ ದವಾಖಾನೆಗೆ ಬಿಟ್ಟರೆ ಮನೆ ಹೊಸ್ತಿಲು ದಾಟದ ಮನುಷ್ಯ!

ಒಮ್ಮೆ ಡಾಕ್ಟರು, 'ಪಾಯಾಲಾ ಮುಂಗ್ಯಾ ಯೇತಾತ್ ಕಾ?' ಎಂದರು. ಕಾಕಾಗೆ ಗೊತ್ತಿದ್ದದ್ದು ಸಂತೆಯ ಮರಾಠಿ. ಮುಂಗ್ಯಾ ಅಂದರೆ ಇರುವೆ. ಕಾಲಿಗೆ ಇರುವೆ ಬರುತ್ತವೆಯೇ? ಹಾಸಿಗೆ ನಾವು ಸ್ವಚ್ಛ ಇಟ್ಟಿದ್ದೇವಲ್ಲ ಎಂದು ಅವರು, 'ನಾಹೀ' ಅಂದುಬಿಟ್ಟರು. ಡಾಕ್ಟರು ಕೇಳಿದ್ದು ಕಾಲು ಜುಮ್ಮೆನ್ನುತ್ತದೆಯೇ ಎಂದು. ಕಾಕಾ ನುಂಗುತ್ತಿದ್ದ ಲಿನೆಜೋಲಿಡ್ ಗುಳಿಗೆ ನರಗಳಿಗೆ ಪೆಟ್ಟು ಕೊಡಬಹುದು. ಎರಡು ತಿಂಗಳು ಪಾದ ಉರಿಯುತ್ತಲೇ ಇತ್ತು, ಕಾರ್ಡಿನ ಮೇಲೆ 'ನಾಹೀ' ಎಂದೇ ಇತ್ತು. ಕೊನೆಗೆ ಕಂಡುಹಿಡಿದದ್ದು ನಮ್ಮ ಊರಿನ ಆಶಾ ಕಾರ್ಯಕರ್ತೆ, ಆಶಾ ತಾಈ. (ತಾಈ ಅಂದರೆ ಕನ್ನಡದ ತಾಯಿ ಅಲ್ಲ, ಮರಾಠಿಯ ಅಕ್ಕ.) ಅವರಿಗೆ ಎರಡೂ ಭಾಷೆ ಬರುತ್ತಿತ್ತು. ಅಷ್ಟಾದ ಮೇಲೆ ಆ ಗುಳಿಗೆಯ ಪ್ರಮಾಣ ಅರ್ಧಕ್ಕೆ ಇಳಿಸಿದರು.

ಆ ವರ್ಷವೇ ಸೈಕ್ಲೋಸೆರಿನ್ ಎಂಬ ಮತ್ತೊಂದು ಗುಳಿಗೆಯ ಕೊರತೆ ಬಿತ್ತು. ಒಂದು ವಾರದ್ದು ಕೊಟ್ಟು, ಮುಂದಿನ ವಾರ ಬನ್ನಿ ಎನ್ನುತ್ತಿದ್ದರು. ಗಡಿಯಾಚೆ ಕರ್ನಾಟಕದ ಅಫಜಲಪುರದ ಕಡೆ ನಮ್ಮ ಬೀಗರಿದ್ದಾರೆ, ಅಲ್ಲಿ ಸಿಕ್ಕೀತೇ ಎಂದು ಕೇಳಿದೆ. ಸರ್ಕಾರದ ಟಿ.ಬಿ. ದಾಖಲೆಯ ನಿಕ್ಷಯ್ ನಂಬರು ಇಡೀ ದೇಶಕ್ಕೆ ಒಂದೇ, ಆದರೆ ಗುಳಿಗೆ ಸಿಗುವುದು ಹೆಸರು ಇದ್ದ ಕಡೆಯೇ. ಹೆಸರು ವರ್ಗ ಮಾಡಿಸಿ ಅಂದರು. ಒಂದು ಪಟ್ಟಿ ಗುಳಿಗೆಗೆ ರಾಜ್ಯ ಬದಲಿಸಬೇಕಂತೆ! ಊಟಕ್ಕೆಂದು ಸರ್ಕಾರ ಆಗ ಕೊಡುತ್ತಿದ್ದದ್ದು ತಿಂಗಳಿಗೆ 500 ರೂಪಾಯಿ. 2024ರ ನವೆಂಬರಿನಿಂದ ಅದು 1000 ಆಗಿದೆ. ಮೊಟ್ಟೆಗೆ, ಶೇಂಗಾಕ್ಕೆ ಹೋಗಿ ಮುಗಿಯುತ್ತಿತ್ತು.

ಈಗ ಇಂಥ ಟಿ.ಬಿ.ಯ ಹೊಸ ರೋಗಿಗಳಿಗೆ ಆರೇ ತಿಂಗಳ ಚಿಕಿತ್ಸೆಯೂ ಬಂದಿದೆ. ಕಾಕಾರ ಕೋರ್ಸು ಮುಗಿದಿದೆ, ಮೈಬಣ್ಣ ಮೆಲ್ಲಗೆ ತಿರುಗುತ್ತಿದೆ. ರಾತ್ರಿ ಪಾದ ಉರಿದರೆ ಕಾಕೂನ ಕರೆದು, 'ಏ, ಇರುವಿ ಬಂದಾವ ನೋಡು' ಅಂತಾರೆ.