ಒಳ್ಳೆ ಹುಡುಗ ಗಾಂಜಾಕ್ಕೆ ಬಿದ್ದಿದ್ದು ಹೇಗೆ?

ಅಕ್ಕಾ, ಪಿಯುಸಿಯಲ್ಲಿ ಚೆನ್ನಾಗಿ ಓದಿದ ಮಗ ದಾವಣಗೆರೆಗೆ ಇಂಜಿನಿಯರಿಂಗ್‌ಗೆ ಬಂದು ಎರಡನೇ ವರ್ಷಕ್ಕೇ ಗಾಂಜಾ ಹಿಡಿದ, ಎಲ್ಲಾ ಸಹವಾಸ ದೋಷವಾ ಅಂತ ಕೇಳಿದ್ದೀರಿ. ಸಹವಾಸದಿಂದ ರುಚಿ ಹತ್ತುತ್ತೆ, ನಿಜ. ಆದರೆ ಸೇದಿ ನೋಡಿದವರೆಲ್ಲ ಅದಕ್ಕೇ ಅಂಟಿಕೊಳ್ಳಲ್ಲ. ಅಂಟಿಕೊಂಡವನ ಒಳಗೆ ಬಹಳ ಸಲ ಬೇರೇನೋ ಸಂಕಟ ಇರುತ್ತೆ.

ವಿದ್ಯಾನಗರದ ನಮ್ಮ ಮನೆ ಮಹಡಿಯಲ್ಲಿ ಹುಡುಗರಿಗೆ ರೂಮ್ ಬಾಡಿಗೆ ಕೊಟ್ಟಿದ್ದೀನಿ. ಒಬ್ಬ ಕನ್ನಡ ಮೀಡಿಯಂನಿಂದ ಬಂದವನು, ಮೊದಲ ಸೆಮಿಸ್ಟರ್‌ನಲ್ಲೇ ಮೂರು ಸಬ್ಜೆಕ್ಟ್ ಹೋದವು. ಫೋನಲ್ಲಿ ಮಾತ್ರ ‘ಎಲ್ಲಾ ಪಾಸಪ್ಪಾ’ ಅಂತಿದ್ದ. ಮೆಸ್ಸಿನ ಡಬ್ಬಿ ಬಾಗಿಲಲ್ಲೇ ಇರೋದು, ಸಂಜೆಗೆ ಅನ್ನ ಹಳಸಿರೋದು. ನಿದ್ದೆ ಬರಲಿ ಅಂತ ಶುರು ಮಾಡಿದ್ದು, ಆಮೇಲೆ ಅದಿಲ್ಲದೆ ನಿದ್ದೆಯೇ ಬರದ ಹಾಗಾಯ್ತು. ಆ ಡಬ್ಬಿ ನೋಡಿದ ದಿನವೇ ನಾನು ಬಾಗಿಲು ತಟ್ಟಬೇಕಿತ್ತು.

ವಯಸ್ಸೂ ಒಂದು ಕಾರಣ. ಹಿಂದೆಮುಂದೆ ಯೋಚಿಸೋ ಮೆದುಳಿನ ಭಾಗ ಪೂರ್ತಿ ಬಲಿಯೋಕೆ ಸುಮಾರು 25 ವರ್ಷ ಆಗುತ್ತೆ. ಮನೆತನದಲ್ಲಿ ಯಾರಿಗಾದರೂ ಕುಡಿತದ ಚಟ ಇದ್ದರೆ ಅಪಾಯ ಇನ್ನೂ ಜಾಸ್ತಿ.

ಹೊಡೀಬೇಡಿ, ಊರಿಗೆ ಎಳ್ಕೊಂಡು ಹೋಗಬೇಡಿ. ಮೊದಲು ಮಾರ್ಕ್ಸ್ ಕಾರ್ಡ್ ಬಗ್ಗೆ, ನಿದ್ದೆ ಬಗ್ಗೆ ಮೆತ್ತಗೆ ಕೇಳಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ. ಪೊಲೀಸ್ ಕೇಸ್ ಆಗುತ್ತೆ ಅಂತ ಹೆದರಿ ಡಾಕ್ಟರ ಹತ್ರ ಹೋಗೋದು ತಡ ಮಾಡಬೇಡಿ. ತಾನಾಗಿ ಚಿಕಿತ್ಸೆಗೆ ಬರೋ ವ್ಯಸನಿಗೆ 1985ರ ಮಾದಕವಸ್ತು ಕಾಯ್ದೆಯಲ್ಲೇ ರಕ್ಷಣೆಯ ದಾರಿ ಇದೆ.